ಮುರಿಯದ ಬೀಗ

ಗೇರ್‌ಬಾಕ್ಸಿನಡಿಯ ಎಣ್ಣೆ ಚೇಂಬರಿನ ಕೊನೆಯ ಬೋಲ್ಟು ಬಿಚ್ಚಿಕೊಂಡಾಗ ಭೀಮಣ್ಣ ಎರಡೂ ಕೈಯಿಂದ ತಟ್ಟೆಯನ್ನು ಮೇಲಕ್ಕೆ ಒತ್ತಿ ಹಿಡಿದಿದ್ದ. ನಾಲ್ಕು ಲೀಟರಾದರೂ ಎಣ್ಣೆ ಇರಬೇಕಾದ ತಟ್ಟೆ ಅದು. ಆದರೆ ಕೈಗೆ ಭಾರವೇ ಬೀಳಲಿಲ್ಲ. ತಟ್ಟೆ ಹಗುರಾಗಿ ಎದೆಯ ಮೇಲೆ ಇಳಿಯಿತು.

ಕಾರಿನಡಿಯಿಂದ ಹೊರಗೆ ಸರಿದು ಅದನ್ನು ಬೆಳಕಿಗೆ ಹಿಡಿದ. ತಳದಲ್ಲಿ ಒಂದು ಲೋಟದಷ್ಟು ಎಣ್ಣೆ ಉಳಿದಿತ್ತು. ಕೆಂಪಗೆ, ತಿಳಿಯಾಗಿತ್ತು. ಬೆರಳಿಗೆ ಹಚ್ಚಿ ಮೂಸಿದ. ಸುಟ್ಟ ವಾಸನೆ ಇರಲಿಲ್ಲ.

ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದ ಕಾನ್‌ಸ್ಟೇಬಲ್ ವಸಂತ ಎದ್ದು ಬಂದ. ಭೀಮಣ್ಣ ಏನು ಬಿಚ್ಚಿದ, ಏನು ಕಂಡ ಎನ್ನುವುದರ ಫೋಟೊ ತೆಗೆದು ಸಹಿ ಹಾಕುವುದು ಅವನಿಗೆ ವಹಿಸಿದ ಕೆಲಸ.

"ಕೆಟ್ಟೈತೇನ್ರೀ ಭೀಮಣ್ಣಾರೆ?"

"ಕೆಟ್ಟಿಲ್ಲ. ಖಾಲಿಯಾಗೈತೆ. ಅದು ಬೇರೆ, ಇದು ಬೇರೆ."

ಇಪ್ಪತ್ತೆರಡು ದಿನಗಳ ಹಿಂದೆ, ಅಂಬ್ಲಿಗೊಳದ ಏರಿಯ ಕೆಳಗಿನ ಇಳಿಜಾರಿನಲ್ಲಿ, ಈ ಬೂದು ಬಣ್ಣದ ಹಳೆಯ ಜರ್ಮನ್ ಕಾರು ತನ್ನ ಯಜಮಾನ ರಾಜಪ್ಪನನ್ನು ತೂಬಿನ ಕಟ್ಟೆಗೆ ಒತ್ತಿ ಕೊಂದಿತ್ತು. ಹತ್ತು ದಿನ ಮೊದಲು ಅದರ ಗೇರ್‌ಬಾಕ್ಸ್ ರಿಪೇರಿ ಮಾಡಿದ್ದ ಆನವಟ್ಟಿಯ ಮೆಕ್ಯಾನಿಕ್ ತಿಪ್ಪೇಶನ ಮೇಲೆ ಅಜಾಗರೂಕತೆಯ ಕೇಸು ಬಿದ್ದಿತ್ತು.

ಮೊದಲು ಕಾರು ಪರೀಕ್ಷಿಸಿದ ಆರ್‌ಟಿಒ ಅಧಿಕಾರಿಗಳು ಏನನ್ನೂ ಬಿಚ್ಚಿರಲಿಲ್ಲ. ಅವರ ಕಣ್ಣಿಗೆ ಬಿದ್ದದ್ದು ಮೂರು ಸಂಗತಿ. ಕಾರಿನ ಬಾನೆಟ್ ತೆರೆದಿತ್ತು. ಹ್ಯಾಂಡ್‌ಬ್ರೇಕಿನ ಕೇಬಲ್ ಎಂದೋ ತುಂಡಾಗಿತ್ತು. ಗೇರಿನ ಕಡ್ಡಿ 'ಪಿ' ಎಂಬ ಅಕ್ಷರದ ಮೇಲೆ ನಿಂತಿತ್ತು. 'ಪಿ' ಅಂದರೆ ಕಾರು ನಿಲ್ಲಿಸಿ, ಗೇರ್‌ಬಾಕ್ಸಿಗೇ ಬೀಗ ಹಾಕುವ ಸ್ಥಾನ. ಬೀಗ ಹಾಕಿದ ಕಾರು ಇಳಿಜಾರಿನಲ್ಲಿ ಉರುಳಿದೆ ಎಂದರೆ ಒಳಗೆ ಬೀಗ ಮುರಿದಿರಬೇಕು, ಬೀಗ ಮುರಿದಿದೆ ಎಂದರೆ ರಿಪೇರಿ ಮಾಡಿದವನ ತಪ್ಪು ಎಂದು ಅವರು ಬರೆದು ಕೊಟ್ಟಿದ್ದರು.

ತಿಪ್ಪೇಶ ಅದನ್ನು ಅಲ್ಲಗಳೆದಿರಲಿಲ್ಲ. ನನ್ನ ಕೆಲಸದಲ್ಲೇ ಏನೋ ತಪ್ಪಾಗಿರಬಹುದು ಎಂದು ಠಾಣೆಯಲ್ಲಿ ಹೇಳಿಕೆ ಕೊಟ್ಟು, ಜಾಮೀನಿನ ಮೇಲೆ ಬಂದು, ಗ್ಯಾರೇಜಿನ ಷಟರ್ ಎಳೆದು ಮನೆಯಲ್ಲಿ ಕೂತುಬಿಟ್ಟಿದ್ದ.

ಅವನ ಹೆಂಡತಿ ಸಂಗೀತ ವಕೀಲರನ್ನು ಹಿಡಿದು, ಗೇರ್‌ಬಾಕ್ಸನ್ನು ತಿಳಿದವರಿಂದ ಬಿಚ್ಚಿಸಿ ನೋಡಬೇಕು ಎಂದು ಅರ್ಜಿ ಹಾಕಿಸಿದಳು. ಶಿಕಾರಿಪುರ, ಸೊರಬ ಎರಡೂ ತಾಲ್ಲೂಕು ಹುಡುಕಿದರೂ, ತಿಪ್ಪೇಶನನ್ನು ಬಿಟ್ಟರೆ, ಅದನ್ನು ತಿಳಿದವನು ಒಬ್ಬನೇ ಇದ್ದ. ಸೋಮವಾರದೊಳಗೆ ವರದಿ ಕೊಡುವಂತೆ ಹೇಳಿ ಕಾರನ್ನು ಅವನ ಶೆಡ್ಡಿಗೇ ತಂದು ನಿಲ್ಲಿಸಿದ್ದರು.

ಭೀಮಣ್ಣ ಇಪ್ಪತ್ತೆರಡು ವರ್ಷ ಮಸ್ಕತ್ತಿನಲ್ಲಿ ದುಡಿದವನು. ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ಆಟೋಮ್ಯಾಟಿಕ್ ಗೇರ್‌ಬಾಕ್ಸುಗಳನ್ನೇ ಬಿಚ್ಚಿದ, ಕೂಡಿಸಿದ. ಊರಿಗೆ ಮರಳಿ ಶಿರಾಳಕೊಪ್ಪದ ರಸ್ತೆಯಲ್ಲಿ ಶೆಡ್ಡು ಹಾಕಿಕೊಂಡಾಗ ಗೊತ್ತಾಯಿತು, ತಾನು ಕಲಿತ ವಿದ್ಯೆ ಇಲ್ಲಿ ಯಾರಿಗೂ ಬೇಡವೆಂದು. ಬಂದದ್ದು ಟ್ರ್ಯಾಕ್ಟರು, ಟಿಲ್ಲರು, ಭತ್ತದ ಮಷಿನ್ನು. ಮದುವೆಯ ವಯಸ್ಸು ಅಲ್ಲೇ ಕಳೆದುಹೋಗಿತ್ತು. ಶೆಡ್ಡಿನ ಹಿಂದಿನ ಕೋಣೆಯಲ್ಲೇ ಒಲೆ, ಮಂಚ.

ಒಂದು ದಿನ ಈ ಕಾರು ಬಂದು ಶೆಡ್ಡಿನ ಮುಂದೆ ನಿಂತಿತು. ಅಕ್ಕಿ ವ್ಯಾಪಾರದ ರಾಜಪ್ಪ ಅದನ್ನು ಮಂಗಳೂರಿನಿಂದ ಕೊಂಡು ತಂದಿದ್ದ. ಅಂದಿನಿಂದ ಒಂಬತ್ತು ವರ್ಷ, ಪ್ರತಿ ಭಾನುವಾರ ಇಬ್ಬರೂ ಕಾರಿನಲ್ಲಿ ಒಂದು ಸುತ್ತು ಹೋಗುತ್ತಿದ್ದರು. ಮಾತು ಕಡಿಮೆ. ಗೇರು ತಾನಾಗಿ ಬದಲಾಗುವ ಸದ್ದಿಗೆ ಇಬ್ಬರೂ ಕಿವಿ ಕೊಟ್ಟು ಕೂತಿರುತ್ತಿದ್ದರು. "ಬಿತ್ತು ನೋಡು ಮೂರನೇದು" ಎಂದು ರಾಜಪ್ಪ ಹೇಳುತ್ತಿದ್ದ. ಭೀಮಣ್ಣ ತಲೆಯಾಡಿಸುತ್ತಿದ್ದ. ಒಂದು ಭಾನುವಾರಕ್ಕೆ ಅಷ್ಟು ಸಾಕಾಗುತ್ತಿತ್ತು.

ಈಗ ಮೂರು ಭಾನುವಾರ ಕಳೆದಿದ್ದವು. ಮೂರೂ ದಿನ ಅವನು ಶೆಡ್ಡಿನ ಬಾಗಿಲು ತೆರೆದಿರಲಿಲ್ಲ.

ಅವನು ಮತ್ತೆ ಕಾರಿನಡಿಗೆ ಸರಿದ. ಇಂಥ ಗೇರ್‌ಬಾಕ್ಸಿನಲ್ಲಿ ಎಂಜಿನ್ನಿನ ಬಲವನ್ನು ಚಕ್ರಕ್ಕೆ ದಾಟಿಸುವುದೂ ಎಣ್ಣೆ, ಗೇರು ಬದಲಿಸುವುದೂ ಎಣ್ಣೆಯ ಒತ್ತಡ. ಎಣ್ಣೆ ಹೋದರೆ ಎಂಜಿನ್ ಸುಮ್ಮನೆ ಕೂಗಿಕೊಳ್ಳುತ್ತದೆ, ಚಕ್ರ ತಿರುಗುವುದಿಲ್ಲ. ಹಾಗಾದರೆ ಆ ಎಣ್ಣೆ ಎಲ್ಲಿ ಹೋಯಿತು?

ಗೇರ್‌ಬಾಕ್ಸಿನ ಎಣ್ಣೆ ತಣ್ಣಗಾಗಲು ರೇಡಿಯೇಟರಿನವರೆಗೆ ಹೋಗಿ ಬರುತ್ತದೆ. ಅದಕ್ಕೆಂದು ಎರಡು ಪೈಪುಗಳಿವೆ. ಪೈಪುಗಳ ಕೊನೆಯಲ್ಲಿ ರಬ್ಬರಿನ ತುಂಡು, ಅದನ್ನು ಬಿಗಿಯುವ ಕ್ಲಿಪ್ಪು. ಭೀಮಣ್ಣ ಟಾರ್ಚು ಹಿಡಿದು ಒಂದೊಂದೇ ಕ್ಲಿಪ್ಪಿಗೆ ಬಂದ. ಮೊದಲನೆಯದು ಬಿಗಿ. ಎರಡನೆಯದು ಬಿಗಿ. ಮೂರನೆಯದನ್ನು ಮುಟ್ಟಿದ ಕೂಡಲೇ ಅದು ಬೆರಳಿನಡಿ ತಿರುಗಿತು.

ಅಲ್ಲಿಂದ ಕೆಳಗೆ ಎಣ್ಣೆ ಹರಿದ ಗುರುತು ಇತ್ತು. ಅದರ ಮೇಲೆ ಮೆತ್ತಿದ ಧೂಳು ಇನ್ನೂ ಕೆಂಪಾಗಿತ್ತು.

"ವಸಂತ್ ಅವ್ರೆ, ಇಲ್ಲಿ ಬಗ್ಗಿ ನೋಡ್ರಿ. ಹಳದಿ ಬಣ್ಣದ ಗೆರೆ ಕಾಣ್ತದಾ?"

ಕಂಡಿತು. ಬಿಗಿಮಾಡಿದ ಪ್ರತಿ ಸ್ಕ್ರೂ, ಪ್ರತಿ ಬೋಲ್ಟಿನ ಮೇಲೂ ಹಳದಿ ಬಣ್ಣದ ಒಂದು ಸಣ್ಣ ಗೆರೆ ಇತ್ತು. ಅರ್ಧ ಗೆರೆ ಸ್ಕ್ರೂವಿನ ಮೇಲೆ, ಅರ್ಧ ಅದರ ಪಕ್ಕದ ಲೋಹದ ಮೇಲೆ. ಸ್ಕ್ರೂ ಒಂದು ಕೂದಲೆಳೆಯಷ್ಟು ತಿರುಗಿದರೂ ಗೆರೆ ಎರಡಾಗಿ ಕಾಣುತ್ತದೆ. ಇದು ಭೀಮಣ್ಣ ಮಸ್ಕತ್ತಿನಿಂದ ತಂದ ಪದ್ಧತಿ. ಊರಿಗೆ ಬಂದ ಮೇಲೆ ಅವನ ಬಳಿ ನಾಲ್ಕು ವರ್ಷ ಕೆಲಸ ಕಲಿತು ಆನವಟ್ಟಿಯಲ್ಲಿ ಸ್ವಂತ ಗ್ಯಾರೇಜು ಹಾಕಿದ ತಿಪ್ಪೇಶ ಅದನ್ನು ಬಿಟ್ಟಿರಲಿಲ್ಲ. ಟ್ರ್ಯಾಕ್ಟರುಗಳ ಕೆಲಸ ತುಂಬಿದ್ದಾಗ ಈ ಕಾರನ್ನು ಅವನಿಗೆ ಕಳಿಸಿದವನು ಭೀಮಣ್ಣನೇ.

ಎಲ್ಲ ಗೆರೆಗಳೂ ನೇರವಾಗಿದ್ದವು. ಮೂರನೆಯ ಕ್ಲಿಪ್ಪಿನ ಗೆರೆ ಮಾತ್ರ ಮುರಿದು ಎರಡು ದಿಕ್ಕಿಗೆ ಹೋಗಿತ್ತು. ಸ್ಕ್ರೂವಿನ ತಲೆಯ ಸೀಳಿನಲ್ಲಿ ಹಳೆಯ ಮಡ್ಡಿಯನ್ನು ಕೆರೆದು ಯಾವುದೋ ಸ್ಕ್ರೂಡ್ರೈವರು ಹೊಳೆಯುವ ಗೀರು ಎಳೆದಿತ್ತು.

ತಿಪ್ಪೇಶ ಬಿಗಿ ಮಾಡಿದ್ದ, ಗೆರೆ ಹಾಕಿದ್ದ. ಆಮೇಲೆ ಯಾರೋ ಸಡಿಲ ಮಾಡಿದ್ದರು.

ವಸಂತ ಫೋಟೊ ತೆಗೆದ. ಅವನ ಮುಖದಲ್ಲಿದ್ದ ಬೇಸರ ಹೋಗಿತ್ತು.

ಆದರೆ ಎಣ್ಣೆ ಹೋದರೆ ಕಾರು ನಿಲ್ಲುತ್ತದೆ ಅಷ್ಟೇ, ಉರುಳುವುದಿಲ್ಲ. ಉರುಳಬೇಕಾದರೆ ಬೀಗ ಬಿಡಬೇಕು. ಭೀಮಣ್ಣ ಗೇರ್‌ಬಾಕ್ಸಿನ ಹಿಂದಿನ ಭಾಗಕ್ಕೆ ಕೈ ಹಾಕಿದ. ಅದನ್ನು ಬಿಚ್ಚಲು ಎರಡು ಗಂಟೆ ಹಿಡಿಯಿತು.

ಒಳಗೆ ಅಂಗೈಯಗಲದ ಒಂದು ಹಲ್ಲಿನ ಚಕ್ರ. ಅದರ ಪಕ್ಕದಲ್ಲಿ ಹೆಬ್ಬೆರಳಿನಷ್ಟು ದಪ್ಪದ ಉಕ್ಕಿನ ನಾಲಿಗೆ. ಗೇರು 'ಪಿ'ಗೆ ಬಂದಾಗ ಈ ನಾಲಿಗೆ ಹಲ್ಲುಗಳ ಸಂದಿಗೆ ಬಿದ್ದು ಚಕ್ರವನ್ನು ತಡೆಯುತ್ತದೆ. ಇದೇ ಬೀಗ. ಇದು ಎಣ್ಣೆಯ ಹಂಗಿಲ್ಲದೆ ಕೆಲಸ ಮಾಡುತ್ತದೆ. ಬಲವಂತದಿಂದ ಬಿಟ್ಟುಕೊಂಡಿದ್ದರೆ ನಾಲಿಗೆಯ ತುದಿ ಒಡೆದಿರಬೇಕು, ಹಲ್ಲುಗಳ ಅಂಚು ಕಿತ್ತಿರಬೇಕು, ಲೋಹದ ಪುಡಿ ಬಿದ್ದಿರಬೇಕು.

ಅವನು ಬಟ್ಟೆಯಿಂದ ಒರೆಸಿ ಒಂದೊಂದೇ ಹಲ್ಲಿನ ಮೇಲೆ ಉಗುರು ಎಳೆದ. ಎಲ್ಲೂ ತಡೆಯಲಿಲ್ಲ. ನಾಲಿಗೆಯ ತುದಿ ಹೊಸ ಉಳಿಯ ಬಾಯಂತೆ ಚೂಪಾಗಿತ್ತು.

ಇನ್ನೊಂದು ಅನುಮಾನ ಉಳಿದಿತ್ತು. ಗೇರಿನ ಕಡ್ಡಿಯಿಂದ ಬೀಗದವರೆಗೆ ಬರುವ ಸರಳಿನ ಅಳತೆ ತಪ್ಪಿದ್ದರೆ, ಕಡ್ಡಿ 'ಪಿ'ಯಲ್ಲಿದ್ದರೂ ಬೀಗ ಬಿದ್ದಿರುವುದಿಲ್ಲ. ಹಾಗಾಗಿದ್ದರೆ ಅದು ತಿಪ್ಪೇಶನದೇ ತಪ್ಪು. ಭೀಮಣ್ಣ ವಸಂತನನ್ನು ಕಾರಿನೊಳಗೆ ಕೂರಿಸಿ ಕಡ್ಡಿಯನ್ನು ಹಿಂದಕ್ಕೂ ಮುಂದಕ್ಕೂ ಸರಿಸಲು ಹೇಳಿದ. 'ಪಿ'ಗೆ ಬಂದ ಪ್ರತಿ ಸಲವೂ ನಾಲಿಗೆ ಟಕ್ಕೆಂದು ಸಂದಿಗೆ ಬಿತ್ತು. ಹತ್ತು ಸಲ ನೋಡಿದರು. ಹತ್ತು ಸಲವೂ ಬಿತ್ತು. ಹಾರೆ ಕೊಟ್ಟು ಒತ್ತಿದರೂ ಚಕ್ರ ಅಲ್ಲಾಡಲಿಲ್ಲ.

ಭೀಮಣ್ಣ ನೆಲದ ಮೇಲೆ ಕೂತ. ನಡೆದದ್ದನ್ನು ಮನಸ್ಸಿನಲ್ಲಿ ಒಂದೊಂದಾಗಿ ಜೋಡಿಸಿದ.

ರಾಜಪ್ಪ ಕಾರಿನ ಕೂಗು ಕೇಳಿದ ಕೂಡಲೇ ನಿಲ್ಲಿಸಿದ್ದ. ಕ್ಲಚ್ ಪ್ಲೇಟುಗಳು ಸುಡದೆ ಉಳಿದದ್ದು ಅದಕ್ಕೇ. 'ಪಿ'ಗೆ ಹಾಕಿ ಇಳಿದು, ಬಾನೆಟ್ ಎತ್ತಿ, ಇಳಿಜಾರಿನ ಕೆಳಗಡೆ, ಕಾರಿನ ಮುಂದೆ ಬಗ್ಗಿ ಎಣ್ಣೆ ಅಳೆಯುವ ಕಡ್ಡಿ ಎಳೆದು ನೋಡುತ್ತಿದ್ದ. ಬೀಗವನ್ನು ನಂಬಿದ್ದ. ಆಗ ಯಾರೋ ಬಾಗಿಲಿನಿಂದ ಕೈ ಹಾಕಿ ಗೇರನ್ನು ನ್ಯೂಟ್ರಲ್ಲಿಗೆ ತಂದಿದ್ದರು. ಹಳೆಯ ಕಾರು, ಕೀಲಿ ಇಲ್ಲದಿದ್ದರೂ ಕಡ್ಡಿ ಸರಿಯುತ್ತದೆ. ಕಾರು ಉರುಳಿ ನಿಂತ ಮೇಲೆ ಅದೇ ಕೈ ಕಡ್ಡಿಯನ್ನು ಮತ್ತೆ 'ಪಿ'ಯ ಮೇಲೆ ತಂದು ನಿಲ್ಲಿಸಿತ್ತು.

"ಇದು ಆಕ್ಸಿಡೆಂಟ್ ಅಲ್ಲ ವಸಂತ್ ಅವ್ರೆ" ಎಂದ ಭೀಮಣ್ಣ. "ಆಟೋಮ್ಯಾಟಿಕ್ ಗೊತ್ತಿದ್ದ ಮನುಷ್ಯ ಒಬ್ಬ ಅಲ್ಲಿದ್ದ."

ಮಧ್ಯಾಹ್ನದ ಆನವಟ್ಟಿ ಬಸ್ಸಿಗೆ ಸಂಗೀತ ಬಂದಳು. ಕೆಲಸ ಶುರುವಾದ ಮೂರು ದಿನದಿಂದ ಅವಳು ಹೀಗೇ ಬಂದು ಬಾಗಿಲಲ್ಲಿ ನಿಂತು, ಒಂದು ಮಾತೂ ಕೇಳದೆ ಹಿಂತಿರುಗುತ್ತಿದ್ದಳು. ಇಂದು ಭೀಮಣ್ಣನೇ ಒಳಗೆ ಕರೆದ. ಸ್ಟೂಲನ್ನು ಒರೆಸಿ ಕೂರಲು ಹೇಳಿದ.

ಅವಳು ಕೂರಲಿಲ್ಲ. ಮನೆಯಲ್ಲಿ ತಿಪ್ಪೇಶ ಊಟ ಬಿಟ್ಟಿದ್ದಾನೆ, ಮಗಳು ಕರೆದರೂ ಮಾತಾಡುವುದಿಲ್ಲ, ರಾತ್ರಿ ಎದ್ದು ಹಿತ್ತಲಿನಲ್ಲಿ ಕೂರುತ್ತಾನೆ ಎಂದು ಹೇಳಿದಳು. ಅಷ್ಟು ಹೇಳಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಳು.

"ಅಣ್ಣಾ, ಒಂದೇ ಹೇಳಿ. ಅವರ ಕೆಲಸದಲ್ಲಿ ತಪ್ಪಿತ್ತಾ?"

ವರದಿ ಕೊಡುವ ಮೊದಲು ಯಾರಿಗೂ ಹೇಳಬಾರದೆಂದು ಭೀಮಣ್ಣನಿಗೆ ಗೊತ್ತಿತ್ತು. ವಸಂತನ ಕಡೆ ನೋಡಿದ. ವಸಂತ ಕುರ್ಚಿಯನ್ನು ಇನ್ನೊಂದು ಕಡೆ ತಿರುಗಿಸಿಕೊಂಡು ರಸ್ತೆ ನೋಡತೊಡಗಿದ.

"ಇಲ್ಲಮ್ಮ. ಹಿಂದಿನ ಭಾಗಾನೂ ಬಿಚ್ಚಿ ನೋಡೀನಿ. ಬೀಗ ಸರಿಯಾಗೈತೆ. ನಾನು ಮಾಡಿದ್ರೂ ಇದಕ್ಕಿಂತ ಚೆನ್ನಾಗಿ ಮಾಡ್ತಿರಲಿಲ್ಲ. ಹೋಗಿ ಅವನಿಗೆ ಹೇಳು, ಊಟ ಮಾಡು ಅಂತ ನಾನಂದೆ ಅನ್ನು."

ಸಂಗೀತ ಬಾಯಿಗೆ ಸೆರಗು ಒತ್ತಿಕೊಂಡಳು. ಅವನ ಕಾಲಿಗೆ ಬೀಳಲು ಬಗ್ಗಿದಾಗ ಅವನು ಹಿಂದೆ ಸರಿದ. ಕೈತುಂಬ ಮಡ್ಡಿ ಇತ್ತು, ಹಿಡಿದು ಎತ್ತಲೂ ಆಗಲಿಲ್ಲ. ಅವಳು ಹೊರಟುಹೋದ ಮೇಲೂ ಆ ಖುಷಿ ಶೆಡ್ಡಿನಲ್ಲಿ ಸ್ವಲ್ಪ ಹೊತ್ತು ಉಳಿದಿತ್ತು. ಅವನ ಪಾಲಿಗೆ ಈ ಎರಡು ತಾಲ್ಲೂಕಿನಲ್ಲಿ ಇದ್ದದ್ದು ಎರಡೇ ಜೀವ. ಒಬ್ಬ ಸತ್ತಿದ್ದ. ಇನ್ನೊಬ್ಬನನ್ನಾದರೂ ಉಳಿಸಿದೆ ಎನ್ನಿಸಿತು.

ಮೂರು ಗಂಟೆಗೆ ವಸಂತ ಶೆಡ್ಡಿಗೆ ಸೀಲು ಹಾಕಿ ಠಾಣೆಗೆ ಹೋದ. ಭೀಮಣ್ಣ ತನ್ನ ಹಳೆಯ ಟೂ-ಸ್ಟ್ರೋಕ್ ಬೈಕು ಹತ್ತಿ ಅಂಬ್ಲಿಗೊಳದ ದಾರಿ ಹಿಡಿದ.

ಅವನ ಲೆಕ್ಕ ಸರಳವಾಗಿತ್ತು. ಆ ಕ್ಲಿಪ್ಪು ಸಡಿಲವಾದರೆ ಎಣ್ಣೆ ಐದಾರು ನಿಮಿಷದಲ್ಲಿ ಹೊರಗೆ ಚೆಲ್ಲುತ್ತದೆ. ಕಾರು ಮೂರು ಕಿಲೋಮೀಟರ್ ದಾಟುವುದಿಲ್ಲ. ಅಂದರೆ ಸಡಿಲ ಮಾಡಿದ್ದು ರಾಜಪ್ಪ ಸತ್ತ ಜಾಗಕ್ಕೆ ಹತ್ತಿರದಲ್ಲೇ, ಅವನು ಕೊನೆಯ ಸಲ ಕಾರು ನಿಲ್ಲಿಸಿದ್ದ ಜಾಗದಲ್ಲಿ. ಆ ಜಾಗ ಯಾವುದೆಂದು ಭೀಮಣ್ಣನಿಗೆ ಗೊತ್ತಿತ್ತು. ಕೆರೆ ಕಡೆ ಹೋದರೆ ರಾಜಪ್ಪ, ಗದ್ದೆಗಳಿಗೆ ನೀರು ಬಿಡುವ ನೀರುಗಂಟಿ ಉಚ್ಚಂಗಪ್ಪನ ಮನೆಯಲ್ಲಿ ಮಜ್ಜಿಗೆ ಕುಡಿಯದೆ ಮುಂದೆ ಹೋಗುತ್ತಿರಲಿಲ್ಲ.

ಹೆಣವನ್ನು ಮೊದಲು ಕಂಡವನೂ ಉಚ್ಚಂಗಪ್ಪನೇ. ಕಾರಿನ ಹತ್ತಿರ ಯಾರೂ ಇರಲಿಲ್ಲ, ಯಾರೂ ಬರಲಿಲ್ಲ ಎಂದು ಹೇಳಿಕೆ ಕೊಟ್ಟವನೂ ಅವನೇ.

ಏರಿಯ ಮೇಲೆ ಗಾಳಿ ಜೋರಾಗಿತ್ತು. ಬೇಸಿಗೆಯ ನೀರು ದಡದಿಂದ ಬಹಳ ಕೆಳಗಿಳಿದಿತ್ತು. ತೆರೆದ ಕೆಸರಿನಲ್ಲಿ ಕೊಕ್ಕರೆಗಳು ದೂರ ದೂರ ನಿಂತಿದ್ದವು. ಇಳಿಜಾರಿನ ಕೆಳಗೆ ತೂಬಿನ ಕಟ್ಟೆಯ ಒಂದು ಕಲ್ಲು ಜರುಗಿತ್ತು. ಭೀಮಣ್ಣ ಅಲ್ಲಿ ಬೈಕು ನಿಧಾನ ಮಾಡಿದ, ಆದರೆ ನಿಲ್ಲಿಸಲಿಲ್ಲ.

ಉಚ್ಚಂಗಪ್ಪ ಮನೆಯ ಜಗಲಿಯ ಮೇಲೆ ಕೂತು ಗುದ್ದಲಿಗೆ ಕಾವು ಕೂರಿಸುತ್ತಿದ್ದ. ಅರವತ್ತು ದಾಟಿದ, ಬಡಕಲು ಮೈಯ ಮನುಷ್ಯ. ಬೈಕಿನ ಸದ್ದಿಗೆ ತಲೆ ಎತ್ತಿದವನು ಭೀಮಣ್ಣನನ್ನು ಕಂಡು ಮತ್ತೆ ತಲೆ ತಗ್ಗಿಸಿದ. ಬಾ ಎನ್ನಲಿಲ್ಲ.

ಭೀಮಣ್ಣ ಜಗಲಿಯ ತುದಿಯಲ್ಲಿ ಕೂತು, ಬೆಳಿಗ್ಗೆಯಿಂದ ಕಂಡದ್ದನ್ನೆಲ್ಲ ಹೇಳಿದ. ಸಡಿಲವಾದ ಕ್ಲಿಪ್ಪು, ಮುರಿಯದ ಬೀಗ, ಮೂರು ಕಿಲೋಮೀಟರಿನ ಲೆಕ್ಕ. ಉಚ್ಚಂಗಪ್ಪ ಕಾವಿಗೆ ಬೆಣೆ ಹೊಡೆಯುವುದನ್ನು ನಿಲ್ಲಿಸಲಿಲ್ಲ.

"ಅವತ್ತು ಕಾರು ಎಷ್ಟು ಹೊತ್ತು ನಿಂತಿತ್ತು ಇಲ್ಲಿ?"

"ಅರ್ಧ ಗಂಟೆ."

"ಎಲ್ಲಿ ನಿಲ್ಸಿದ್ರು?"

"ಆ ತಿರುವಿನಾಗೆ. ಹುಣಸೆ ಮರದ ನೆಳ್ಳಿಗೆ."

ತಿರುವು ಜಗಲಿಗೆ ಕಾಣುತ್ತಿರಲಿಲ್ಲ. ತಾನೂ ರಾಜಪ್ಪನೂ ಆ ಹೊತ್ತು ಗದ್ದೆಯ ಕಡೆ ನಡೆದು ಹೋಗಿದ್ದೆವು, ಅವರ ಗದ್ದೆಗೆ ನೀರು ತಲುಪುತ್ತಿಲ್ಲವೆಂಬ ತಕರಾರಿತ್ತು ಎಂದು ಉಚ್ಚಂಗಪ್ಪ ಹೇಳಿದ. ಹಿಂತಿರುಗಿ ಬಂದು ಮಜ್ಜಿಗೆ ಕುಡಿದು ಅವರು ಕಾರು ಹತ್ತಿದರು. ಆಮೇಲಿನದು ಠಾಣೆಯಲ್ಲಿ ಬರೆಸಿದ್ದೇನೆ, ಮತ್ತೆ ಯಾಕೆ ಕೇಳುತ್ತೀ ಎಂದ.

"ಬರೆಸಿದ್ದು ಸುಳ್ಳು" ಎಂದ ಭೀಮಣ್ಣ. "ಉಚ್ಚಂಗಪ್ಪಣ್ಣ, ಯಾರೂ ಬರಲಿಲ್ಲ ಅಂದ್ರೆ ಅಲ್ಲಿ ಇದ್ದಿದ್ದು ನೀವೊಬ್ರೇ. ಕಾರು ನಿಂತಿದ್ದೂ ನಿಮ್ಮ ಮನೆ ಹತ್ರ. ಕಾರು ನೋಡಿದ್ದೂ ನೀವೇ ಮೊದ್ಲು. ನೀರಿನ ತಕರಾರೂ ನಿಮ್ಮ ಮೇಲೇ ಇತ್ತು. ಸೋಮವಾರ ನಾನು ಬೀಗ ಮುರಿದಿಲ್ಲ ಅಂತ ಬರೀತೀನಿ. ಆಮೇಲೆ ಪೊಲೀಸ್ನೋರು ಎಲ್ಲಿಗೆ ಬರ್ತಾರೆ, ನೀವೇ ಹೇಳ್ರಿ."

ಬೆಣೆ ಹೊಡೆಯುತ್ತಿದ್ದ ಕೈ ನಿಂತಿತು.

ಉಚ್ಚಂಗಪ್ಪ ಅವನನ್ನು ದಿಟ್ಟಿಸಿ ನೋಡಿದ. ಆ ನೋಟದಲ್ಲಿ ಭಯ ಇರಲಿಲ್ಲ. ಭೀಮಣ್ಣನಿಗೆ ಅದು ಏನೆಂದು ತಿಳಿಯಲಿಲ್ಲ.

"ಬ್ಯಾಡ ಭೀಮಣ್ಣ. ಬೀಗ ಮುರಿದೈತೆ ಅಂತ್ಲೇ ಬರಿ. ಎದ್ದು ಹೋಗು."

"ಯಾಕೆ?"

"ಹೋಗು ಅಂದೆ."

ಭೀಮಣ್ಣ ಏಳಲಿಲ್ಲ. ಒಳಗಿನಿಂದ ಉಚ್ಚಂಗಪ್ಪನ ಹೆಂಡತಿ ಮಾಸ್ತಮ್ಮ ಬಾಗಿಲಿಗೆ ಬಂದು ನಿಂತಿದ್ದಳು. ಹೇಳಿಬಿಡಿ, ಇಪ್ಪತ್ತು ದಿನದಿಂದ ಹೊಟ್ಟೆಯೊಳಗೆ ಇಟ್ಟುಕೊಂಡು ನೀವೂ ನಿದ್ದೆ ಮಾಡುತ್ತಿಲ್ಲ ಎಂದಳು. ಉಚ್ಚಂಗಪ್ಪ ಗುದ್ದಲಿಯನ್ನು ಪಕ್ಕಕ್ಕಿಟ್ಟ.

ಆ ದಿನ ಕಾರು ಹೊರಟ ಸ್ವಲ್ಪ ಹೊತ್ತಿಗೆ ರಾಜಪ್ಪನ ಫೋನ್ ಬಂದಿತ್ತಂತೆ. ಇಳಿಜಾರಿನಲ್ಲಿ ಕಾರು ನಿಂತಿದೆ, ಎಂಜಿನ್ ಕೂಗುತ್ತದೆ, ಮುಂದೆ ಹೋಗುವುದಿಲ್ಲ ಎಂದರಂತೆ. ತಾನು ಬರಲೇ ಎಂದು ಉಚ್ಚಂಗಪ್ಪ ಕೇಳಿದ್ದಕ್ಕೆ ಬೇಡ ಎಂದಿದ್ದರು. ಹಾಗಾಗಿ ಅವನು ಮೇಲಿನ ಕಾಲುವೆಯ ಬಾಗಿಲು ಇಳಿಸಲು ಏರಿ ಹತ್ತಿದ. ಅಲ್ಲಿಂದ ನೋಡಿದರೆ ಕೆಳಗೆ ಕಾರು ಕಾಣುತ್ತಿತ್ತು, ಎತ್ತಿದ ಬಾನೆಟ್ಟೂ ಕಾಣುತ್ತಿತ್ತು. ಒಂದು ಬೈಕು ಬಂದು ಕಾರಿನ ಹಿಂದೆ ನಿಂತಿತು. ತಲೆಗೆ ಹೆಲ್ಮೆಟ್ಟು ಇದ್ದ ಒಬ್ಬ ಇಳಿದ. ರಾಜಪ್ಪ ಅವನ ಹೆಗಲ ಮೇಲೆ ಕೈ ಹಾಕಿ ಏನೋ ಹೇಳಿ, ಮತ್ತೆ ಬಾನೆಟ್ಟಿನ ಕಡೆ ಹೋದರು.

ಆಮೇಲೆ ಉಚ್ಚಂಗಪ್ಪ ಕಾಲುವೆ ಬಾಗಿಲಿನ ಚಕ್ರ ತಿರುಗಿಸಲು ಬಗ್ಗಿದ. ಕಲ್ಲಿಗೆ ಏನೋ ಬಡಿದ ಸದ್ದು ಕೇಳಿ ತಲೆ ಎತ್ತುವಷ್ಟರಲ್ಲಿ ಕಾರು ಕಟ್ಟೆಗೆ ಒರಗಿತ್ತು. ಓಡಿ ಇಳಿದು ಹತ್ತಿರ ಹೋದಾಗ ಬೈಕು ಇರಲಿಲ್ಲ.

"ಬೈಕಿನೋನು ಯಾರು?" ಭೀಮಣ್ಣ ಕೇಳಿದ.

ಉಚ್ಚಂಗಪ್ಪ ಅಂಗಳದಲ್ಲಿ ನಿಂತಿದ್ದ ಭೀಮಣ್ಣನ ಬೈಕಿನ ಕಡೆ ಕೈ ತೋರಿಸಿದ.

"ಈ ಸದ್ದು ನಂಗೆ ಗೊತ್ತಿಲ್ಲೇನು? ಈ ಸುತ್ತಿನಾಗೆ ಇಂಥ ಗಾಡಿ ಇನ್ನೊಂದು ಎಲ್ಲೈತೆ? ರಾಜಪ್ಪಾರು ಫೋನಿನಾಗೆ ಹೇಳಿದ್ರು. 'ನೀನು ಬರಬ್ಯಾಡ ಉಚ್ಚಂಗಪ್ಪ, ಭೀಮಣ್ಣಂಗೆ ಫೋನ್ ಮಾಡೀನಿ, ಅಲ್ಲೇ ಹತ್ರ ಅದಾನಂತೆ, ಬರ್ತಾನೆ' ಅಂದ್ರು."

ಭೀಮಣ್ಣ ತಿರುಗಿ ತನ್ನ ಬೈಕನ್ನು ನೋಡಿದ.

"ನಿಮ್ಮಿಬ್ರ ಸ್ನೇಹ ನಂಗೆ ಗೊತ್ತು. ಏನೋ ಕೈತಪ್ಪಿ ಆಗೈತೆ, ಹೆದರಿ ಓಡಿಹೋಗ್ಯಾನೆ ಅಂತ ಅಂದ್ಕೊಂಡೆ. ಹಿಂದಿಲ್ಲ ಮುಂದಿಲ್ಲ, ಒಂಟಿ ಮನುಷ್ಯ. ಜೈಲಿಗೆ ಹೋದ್ರೆ ನೋಡೋಕೆ ಬರೋರೂ ಇಲ್ಲ. ಅದಕ್ಕೇ ಯಾರೂ ಬರಲಿಲ್ಲ ಅಂದೆ. ನಿನ್ನ ಸಲುವಾಗಿ ಸುಳ್ಳು ಹೇಳೀನಿ."

ಹಿಂದಿಲ್ಲ ಮುಂದಿಲ್ಲ. ಆ ಮಾತು ಕೊಲೆಯ ಮಾತಿಗಿಂತ ಹೆಚ್ಚು ನೋಯಿಸಿತು. ತನ್ನನ್ನು ಊರು ಹೀಗೆ ನೋಡುತ್ತಿದೆ ಎಂದು ಅವನಿಗೆ ತಿಳಿದಿರಲಿಲ್ಲ.

ತನಗೆ ಅಂದು ಯಾವ ಫೋನೂ ಬಂದಿರಲಿಲ್ಲ. ಅದನ್ನು ತೋರಿಸಲೆಂದೇ ಭೀಮಣ್ಣ ಬೈಕಿನ ಸೈಡ್ ಬಾಕ್ಸ್ ತೆರೆದು ತನ್ನ ಗುಂಡಿ ಒತ್ತುವ ಫೋನ್ ತೆಗೆದ. ಕೈಗೆ ಯಾವಾಗಲೂ ಎಣ್ಣೆ ಇರುವುದರಿಂದ ಅದನ್ನು ಅಲ್ಲೇ ಇಟ್ಟಿರುತ್ತಿದ್ದ. ದಿನಗಟ್ಟಲೆ ಅದು ರಿಂಗಾಗದಿದ್ದರೂ ಅವನಿಗೆ ಆಶ್ಚರ್ಯವಾಗುತ್ತಿರಲಿಲ್ಲ.

ಬಂದ ಕರೆಗಳ ಪಟ್ಟಿ ತೆರೆದ. ಒಂದು ತಿಂಗಳಿಗೆ ಹನ್ನೊಂದೇ ಹೆಸರು. ಬೇರೆಯವರ ಫೋನಿನಲ್ಲಾಗಿದ್ದರೆ ಇಷ್ಟರಲ್ಲಿ ಆ ದಿನದ ಕರೆ ಎಂದೋ ಅಳಿಸಿಹೋಗಿರುತ್ತಿತ್ತು. ಇವನ ಫೋನಿನಲ್ಲಿ ಒಂಬತ್ತನೆಯ ಸಾಲಿನಲ್ಲಿ ಇನ್ನೂ ಉಳಿದಿತ್ತು.

ರಾಜಪ್ಪ. ಸಂಜೆ ನಾಲ್ಕು ಹನ್ನೆರಡು. ಒಂದು ನಿಮಿಷ ಐವತ್ತು ಸೆಕೆಂಡು.

ಯಾರೋ ಆ ಕರೆಯನ್ನು ತೆಗೆದುಕೊಂಡು ಮಾತಾಡಿದ್ದರು.

ಭೀಮಣ್ಣ ಫೋನ್ ಹಿಡಿದು ನಿಂತ. ಆ ದಿನ ತಾನು ಎಲ್ಲಿದ್ದೆ ಎಂದು ನೆನಪು ಮಾಡಿಕೊಳ್ಳಬೇಕಾಗಿರಲಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಶೆಡ್ಡಿನಲ್ಲಿ ಒಂದು ಟ್ರ್ಯಾಕ್ಟರಿನಡಿ ಮಲಗಿದ್ದ. ನೆನಪಾಗಬೇಕಿದ್ದದ್ದು ಬೈಕು ಎಲ್ಲಿತ್ತು ಎಂಬುದು. ನೆನಪಾಯಿತು.

ಆ ದಿನ ಮಧ್ಯಾಹ್ನ ತಿಪ್ಪೇಶ ಬಸ್ಸಿನಲ್ಲಿ ಬಂದಿದ್ದ. ಒಂದು ಬೇರಿಂಗ್ ಬೇಕು, ಶಿರಾಳಕೊಪ್ಪಕ್ಕೆ ಹೋಗಿ ಬರುತ್ತೇನೆ, ಗಾಡಿ ಕೊಡಿ ಅಣ್ಣ ಎಂದು ಕೇಳಿ ಕೀಲಿ ಇಸಕೊಂಡು ಹೋಗಿದ್ದ. ಹೊತ್ತು ಮುಳುಗುವಾಗ ತಂದು ನಿಲ್ಲಿಸಿದ. ಒಂದು ಚೊಂಬು ನೀರು ಕುಡಿದು, ಬೇರಿಂಗ್ ಸಿಗಲಿಲ್ಲ ಎಂದು ಹೇಳಿ, ಬಸ್ಸಿಗೆ ನಡೆದುಹೋದ. ಅವನಿಗೆ ಆಟೋಮ್ಯಾಟಿಕ್ ಗೊತ್ತಿತ್ತು. ಕಲಿಸಿದವನು ಭೀಮಣ್ಣನೇ.

ಮಾಡದ ತಪ್ಪನ್ನು ಆ ಮನುಷ್ಯ ಠಾಣೆಯಲ್ಲಿ ಒಪ್ಪಿಕೊಂಡದ್ದು ಯಾಕೆಂದು ಈಗ ಭೀಮಣ್ಣನಿಗೆ ಹೊಳೆಯಿತು. ಬೀಗ ಮುರಿದಿದೆ ಎಂದು ಎಲ್ಲರೂ ನಂಬಿದ್ದರೆ ಅದು ಅಜಾಗರೂಕತೆ, ಅಷ್ಟೇ. ಬೀಗ ಮುರಿದಿಲ್ಲ ಎಂದಾದರೆ ಅದು ಬೇರೆ.

ಆದರೂ ಅವನ ಮನಸ್ಸು ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ರಾಜಪ್ಪನಿಗೂ ತಿಪ್ಪೇಶನಿಗೂ ಏನಿತ್ತು ಅಂಥದ್ದು? ಕರೆ ತೆಗೆದುಕೊಂಡವನು ಅವನೇ ಇರಬಹುದು. ಸಹಾಯಕ್ಕೆಂದೇ ಹೋಗಿರಬಹುದು. ಗೇರಿಗೆ ಕೈ ಹಾಕಿದವನು ಮತ್ತೊಬ್ಬನಿರಬಹುದು. ಒಂದು ಸಲ ಅವನ ಬಾಯಿಂದಲೇ ಕೇಳಬೇಕು.

"ಉಚ್ಚಂಗಪ್ಪಣ್ಣ, ನಾಳೆ ಠಾಣೆಗೆ ಬನ್ರಿ. ನೋಡಿದ್ದನ್ನೆಲ್ಲ ಹೇಳ್ರಿ. ಅದು ಭೀಮಣ್ಣ ಅಂದ್ಕೊಂಡಿದ್ದೆ ಅಂತ್ಲೂ ಹೇಳ್ರಿ."

"ನಿನ್ನೇ ಹಿಡಿದು ಕೂರಿಸ್ತಾರೆ."

"ಕೂರಿಸ್ಲಿ."

ಅವನು ಏರಿಯ ಮೇಲೆ ಬಂದು ಬೈಕು ನಿಲ್ಲಿಸಿ ತಿಪ್ಪೇಶನ ನಂಬರು ಒತ್ತಿದ. ಬಹಳ ಹೊತ್ತು ರಿಂಗಾಯಿತು. ಕೊನೆಗೆ ಎತ್ತಿದವಳು ಸಂಗೀತ. ಗಾಳಿಗೆ ಅವಳ ಮಾತು ತುಂಡುತುಂಡಾಗಿ ಕೇಳುತ್ತಿತ್ತು. ಭೀಮಣ್ಣ ಒಂದು ಕಿವಿ ಮುಚ್ಚಿಕೊಂಡ.

ತಿಪ್ಪೇಶನಿಗೆ ಫೋನ್ ಕೊಡು ಎಂದ.

ಅವರು ಇಲ್ಲ ಎಂದಳು ಸಂಗೀತ. ಬಸ್ಸಿಳಿದು ಮನೆಗೆ ಬಂದ ಕೂಡಲೇ ತಾನು ಎಲ್ಲ ಹೇಳಿದೆ, ನಿಮ್ಮ ಕೆಲಸದಲ್ಲಿ ತಪ್ಪಿಲ್ಲವಂತೆ, ಊಟ ಮಾಡಬೇಕಂತೆ ಎಂದು ತಟ್ಟೆ ಹಾಕಿ ಕರೆದೆ ಎಂದಳು. ಅವಳ ದನಿಯಲ್ಲಿ ಮಧ್ಯಾಹ್ನದ ಖುಷಿ ಇರಲಿಲ್ಲ.

"ತಟ್ಟೆ ಮುಂದೆ ಕೂತ್ರು ಅಣ್ಣಾ. ಒಂದೇ ಮಾತು ಕೇಳಿದ್ರು, 'ಭೀಮಣ್ಣ ಹಿಂದಿನ ಭಾಗಾನೂ ಬಿಚ್ಚಿದ್ರಾ' ಅಂತ. ಹೌದು ಅಂದೆ. ಕೈ ತೊಳ್ಕೊಂಡು ಎದ್ದು ಹೋದ್ರು. ಚಪ್ಪಲಿನೂ ಹಾಕ್ಕೊಂಡಿಲ್ಲ, ಫೋನೂ ಇಲ್ಲೇ ಬಿಟ್ಟಿದ್ದಾರೆ. ಎರಡು ಗಂಟೆ ಆಯ್ತು. ನೀವೇ ಏನಾದ್ರೂ ಕರೆಸ್ಕೊಂಡ್ರಾ?"